ಚದುರಿದ ಜಾಲಗಳ ಗಣನವಿಧಿಗಳೂ ಫಲನಭಾಷೆಯಲ್ಲಿ ಅವುಗಳ ಅನುಕರಣವೂ

೧. ವಿಷಯೋಪಕ್ರಮ

ಕಾವೇರಿಯ ತೆಂಕಣ ಸೀಮೆಯಲ್ಲಿರುವ ಕೊಳ್ಳೇಗಾಲ, ಹನೂರು, ಯಳಂದೂರು ಎಂಬ ಮೂರು ಊರುಗಳು ನೆರೆಹೊರೆಯವಾದರೂ ಬಹುಕಾಲ ಒಂದೇ ಆಡಳಿತಕ್ಕೆ ಒಳಪಟ್ಟಿರಲಿಲ್ಲ. ಯಳಂದೂರು ೧೮೦೭ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಿಯಾಗಿ ಕೊಡಲ್ಪಟ್ಟು ಮೈಸೂರು ಸಂಸ್ಥಾನದಲ್ಲಿಯೇ ಉಳಿಯಿತು. ಕೊಳ್ಳೇಗಾಲವಾದರೋ ಹನೂರನ್ನೂ ಒಳಗೊಂಡು ಮದರಾಸಾಧಿಪತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದು, ೧೯೫೬ರ ನವೆಂಬರ್ ೧ರಂದು ಮೈಸೂರು ರಾಜ್ಯಕ್ಕೆ ಬಂದಿತು. ೧೯೯೭ರಲ್ಲಿ ಚಾಮರಾಜನಗರ ಜಿಲ್ಲೆ ರಚಿತವಾದಾಗ ಇವೆಲ್ಲವೂ ಆ ಜಿಲ್ಲೆಯೊಳಗಾದುವು. ಆಮೇಲೆ ಹನೂರು ಕೊಳ್ಳೇಗಾಲದಿಂದ ಬೇರೆಯಾಗಿ ಪ್ರತ್ಯೇಕ ತಾಲ್ಲೂಕಾಯಿತು. ಹೀಗೆ ನೂರು ವರ್ಷಗಳಿಗೂ ಮಿಕ್ಕಿದ ಕಾಲ ಯಳಂದೂರಿನ ಲೆಕ್ಕಪತ್ರಗಳು ಒಂದು ರಾಜಧಾನಿಗೂ ಕೊಳ್ಳೇಗಾಲದವು ಮತ್ತೊಂದು ರಾಜಧಾನಿಗೂ ಸಲ್ಲುತ್ತಿದ್ದುವು. ಎರಡನ್ನೂ ಏಕಕಾಲದಲ್ಲಿ ಕಾಣತಕ್ಕ ಕಣ್ಣು ಆ ಸೀಮೆಯಲ್ಲಿ ಎಲ್ಲಿಯೂ ಇರಲಿಲ್ಲ.

ಇಂದಿನ ಕಂಪ್ಯೂಟರುಗಳ ಜಾಲಗಳ ಸ್ಥಿತಿಯೂ ಇಂಥದೇ ಆಗಿದೆ. ಜಾಲದಲ್ಲಿ ಅನೇಕ ಯಂತ್ರಗಳಿರುತ್ತವೆ. ಒಂದೊಂದಕ್ಕೂ ತನ್ನೊಳಗಿನ ವಿಷಯ ಮಾತ್ರ ತಿಳಿದಿರುತ್ತದೆ. ಮಿಕ್ಕವುಗಳ ವಿಷಯ ಸಂದೇಶದ ಮೂಲಕವಲ್ಲದೆ ತಿಳಿಯಲಾರದು. ಆ ಸಂದೇಶವಾದರೂ ಬಂದು ಮುಟ್ಟುವ ವೇಳೆಗೆ ಹಳೆಯದಾಗಿರಬಹುದು. ಆನೆಯನ್ನು ಮುಟ್ಟಿ ನೋಡಿದ ಕುರುಡರ ಅಂಧಗಜನ್ಯಾಯವನ್ನು ವಾಚಕರೆಲ್ಲರೂ ಬಲ್ಲರು. ಕಾಲನ್ನು ಮುಟ್ಟಿದವನು ಕಂಬವೆಂದನು, ಕಿವಿಯನ್ನು ಮುಟ್ಟಿದವನು ಮೊರವೆಂದನು. ಆ ಕುರುಡರು ಜಗಳವಾಡದೆ, ಒಬ್ಬರಿಗೊಬ್ಬರು ಓಲೆ ಕಳುಹಿಸಿಕೊಂಡು, ಕಡೆಗೆ ಎಲ್ಲರೂ ಆನೆಯೆಂದೇ ನಿಶ್ಚಯಿಸುವಂತೆ ಮಾಡತಕ್ಕ ನಿಯಮಾವಳಿ ಯಾವುದು? ಇಂಥ ನಿಯಮಾವಳಿಗೆ ಚದುರಿದ ಜಾಲದ ಗಣನವಿಧಿ ಎಂದು ಹೆಸರಿಡಬಹುದು. ಶಾಸ್ತ್ರಜ್ಞರು ಇದನ್ನು ಡಿಸ್ಟ್ರಿಬ್ಯೂಟೆಡ್ ಆಲ್ಗರಿದಂ ಎಂದು ಕರೆಯುತ್ತಾರೆ. ಅಂಥ ವಿಧಿಯನ್ನು ನಿಜವಾದ ಜಾಲದಲ್ಲಿ ನೆಲೆಗೊಳಿಸುವುದಕ್ಕೆ ಮುಂಚೆ ಒಂದೇ ಯಂತ್ರದೊಳಗೆ ಆಡಿಸಿ ಪರೀಕ್ಷಿಸುವ ಸಾಧನಕ್ಕೆ ಸಿಮ್ಯುಲೇಟರ್, ಎಂದರೆ ಅನುಕರಣಕ, ಎಂದು ಹೆಸರು. ಫಲನಭಾಷೆಯಲ್ಲಿ ಅಂಥ ಅನುಕರಣಕವನ್ನು ರಚಿಸುವ ಕ್ರಮವೇನು, ಅದರ ಪ್ರಯೋಜನವೇನು, ಅದರ ಮೇರೆ ಎಲ್ಲಿಯವರೆಗೆ ಎಂಬುದೇ ಪ್ರಕೃತ ಲೇಖನದ ವಿಷಯ.

ಪರಿಭಾಷೆಯ ವಿಷಯವಾಗಿ ಒಂದು ಮಾತು. ಜಾಲದಲ್ಲಿನ ಒಂದೊಂದು ಯಂತ್ರಕ್ಕೆ ಇಲ್ಲಿ ‘ನೆಲೆ’ ಎಂದೂ, ಅವು ಕಳುಹಿಸುವ ಸಂದೇಶಕ್ಕೆ ‘ಓಲೆ’ ಎಂದೂ, ಒಂದು ಕ್ಷಣದಲ್ಲಿ ನೆಲೆಯು ತನ್ನೊಳಗೆ ಇಟ್ಟುಕೊಂಡಿರುವ ತಿಳಿವಳಿಕೆಗೆ ‘ಸ್ಥಿತಿ’ ಎಂದೂ ಹೇಳಲಾಗಿದೆ.

೨. ದೊಡ್ಡಬಳ್ಳಾಪುರದ ಬಸ್ಸು

ಕನ್ನಡನಾಡಿನಲ್ಲಿಯೇ ನಡೆದ ಒಂದು ಪ್ರಯೋಗವು ಈ ವಿಷಯವನ್ನು ಕಣ್ಣಿಗೆ ಕಟ್ಟುವಂತೆ ಮಾಡುತ್ತದೆ. ರೈತರ ಜಮೀನಿನ ದಾಖಲೆಗಳನ್ನು ಗಣಕಯಂತ್ರಕ್ಕೆ ಏರಿಸಿದ ‘ಭೂಮಿ’ ಯೋಜನೆಯಲ್ಲಿ ಪಹಣಿಯು ತಾಲ್ಲೂಕು ಕೇಂದ್ರದಲ್ಲಿ ದೊರೆಯುತ್ತಿತ್ತು. ದೂರದ ಹಳ್ಳಿಗಳಿಗೆ ತಂತಿಯಿಲ್ಲದಿದ್ದ ಕಾರಣ, ದೊಡ್ಡಬಳ್ಳಾಪುರದಲ್ಲಿ ಸರಕಾರಿ ಬಸ್ಸೊಂದರ ಮೇಲೆ ನಿಸ್ತಂತು ಉಪಕರಣವನ್ನು ಕಟ್ಟಿದರು. ಬಸ್ಸು ಹಳ್ಳಿಯಲ್ಲಿ ನಿಂತಾಗ ಅಲ್ಲಿಯ ಕೋರಿಕೆಗಳನ್ನು ತನ್ನೊಳಗೆ ತುಂಬಿಕೊಳ್ಳುವುದು. ಕೇಂದ್ರದ ಬಳಿ ಹಾದಾಗ ಅವನ್ನು ಅಲ್ಲಿ ಇಳಿಸಿ ಉತ್ತರಗಳನ್ನು ಹೊತ್ತುಕೊಂಡು ಮರಳುವುದು. ಕೇಂದ್ರದಿಂದ ೪೦ ಕಿಲೋಮೀಟರ್ ದೂರದವರೆಗಿನ ಹಳ್ಳಿಗಳಿಗೂ ಹೀಗೆ ಸಂಪರ್ಕವುಂಟಾಯಿತು. ಬಸ್ಸು ಒಂದೊಂದು ಹಳ್ಳಿಯನ್ನೂ ದಿನಕ್ಕೆ ಆರು ಸಲ ಹಾಯುತ್ತಿತ್ತು. ಡಾಕು ಎಂಬ ಮಾತನ್ನೇ ಸೇರಿಸಿ ಇದಕ್ಕೆ ‘ಡಾಕ್‌ನೆಟ್’ ಎಂದು ಹೆಸರಿಟ್ಟರು. ಪೆಂಟ್‌ಲೆಂಡ್, ಫ್ಲೆಚರ್, ಹ್ಯಾಸನ್ ಎಂಬ ಮೂವರು ಇದರ ವಿವರವನ್ನು ೨೦೦೪ರ ಜನವರಿಯಲ್ಲಿ ಪ್ರಕಟಿಸಿದರು.

ಈ ಬಗೆಯ ಜಾಲದಲ್ಲಿ ನಾಲ್ಕು ದೋಷಗಳು ಸಂಭವಿಸುತ್ತವೆ. ಓಲೆ ತಡವಾಗಬಹುದು, ಮುಂಚೆ ಹೊರಟದ್ದು ಹಿಂದೆ ಬರಬಹುದು, ಒಂದೇ ಓಲೆ ಎರಡು ಸಲ ಬರಬಹುದು, ಬಾರದೆಯೇ ಹೋಗಬಹುದು. ತಂತಿಯ ಜಾಲದಲ್ಲಿಯೂ ಇವೇ ದೋಷಗಳುಂಟು. ಅಲ್ಲಿ ಕ್ಷಣದೊಳಗೆ ನಡೆದುಹೋಗುವುದು ಇಲ್ಲಿ ಗಂಟೆಗಟ್ಟಲೆ ನಡೆಯುವುದರಿಂದ ಅವು ಸ್ಪಷ್ಟವಾಗಿ ಕಾಣುತ್ತವೆ, ಅಷ್ಟೆ.

೩. ಒಂದು ಪಹಣಿಯ ಉದಾಹರಣೆ

ಇಂಥ ಬಸ್ಸೊಂದು ಮಹದೇಶ್ವರ ಬೆಟ್ಟದ ಕಡೆಯಿಂದ ಹನೂರಿಗೆ ಓಡುತ್ತಿದೆಯೆಂದು ಕಲ್ಪಿಸಿಕೊಳ್ಳಬಹುದು. ದಾರಿಯಲ್ಲಿನ ಹಳ್ಳಿಯೊಂದರಿಂದ ಒಬ್ಬ ರೈತನ ಜಮೀನಿನ ವಿಷಯವಾಗಿ ಎರಡು ಓಲೆಗಳು ಹೊರಡುತ್ತವೆ. ಮೊದಲನೆಯದು, ‘ಈ ಜಮೀನಿನ ಮೇಲೆ ಸಾಲವಿದೆ, ಋಣದ ಕಲಮಿನಲ್ಲಿ ದಾಖಲುಮಾಡುವುದು’ ಎಂದು. ಎರಡನೆಯದು, ‘ಸಾಲ ತೀರಿತು, ಆ ದಾಖಲೆಯನ್ನು ತೆಗೆದುಹಾಕುವುದು’ ಎಂದು. ಮೊದಲನೆಯ ಓಲೆಯನ್ನು ಹೊತ್ತ ಬಸ್ಸು ಘಟ್ಟದಲ್ಲಿ ಕೆಟ್ಟು ನಿಲ್ಲುತ್ತದೆ. ಎರಡನೆಯ ಓಲೆ ಮತ್ತೊಂದು ಬಸ್ಸಿನಲ್ಲಿ ಮೊದಲೇ ಹನೂರನ್ನು ಸೇರುತ್ತದೆ. ಅಲ್ಲಿಯ ಯಂತ್ರವು ನೋಡುತ್ತದೆ: ತೆಗೆಯಬೇಕಾದ ಋಣವೇ ಇಲ್ಲ, ಆದಕಾರಣ ಓಲೆಯನ್ನು ಬದಿಗಿಡುತ್ತದೆ. ಸಾಯಂಕಾಲ ಮೊದಲನೆಯ ಓಲೆ ಬರುತ್ತದೆ. ಯಂತ್ರವು ಋಣವನ್ನು ದಾಖಲುಮಾಡುತ್ತದೆ. ಸಾಲ ತೀರಿಸಿದ ರೈತನ ಪಹಣಿಯಲ್ಲಿ ಸಾಲವು ಸ್ಥಿರವಾಗಿ ನಿಂತುಬಿಡುತ್ತದೆ. ಅವನು ಮಗಳ ಮದುವೆಗೆಂದೋ ಬಾವಿ ತೋಡಿಸುವುದಕ್ಕೆಂದೋ ಮತ್ತೆ ಬ್ಯಾಂಕಿಗೆ ಹೋದ ದಿನ ಮಾತ್ರವೇ ಈ ತಪ್ಪು ಬೆಳಕಿಗೆ ಬರುವುದು.

ಇಲ್ಲಿ ತಪ್ಪು ಯಾರದು? ಹಳ್ಳಿಯ ನೆಲೆ ಸತ್ಯವನ್ನೇ ಬರೆಯಿತು. ಬಸ್ಸು ಎರಡು ಓಲೆಗಳನ್ನೂ ಅಳಿಸದೆ ತಂದಿತು. ಹನೂರಿನ ನೆಲೆ ಬಂದ ಓಲೆಯನ್ನು ನಿಯಮದಂತೆಯೇ ನಡೆಸಿತು. ಅವಯವಗಳೆಲ್ಲ ನಿರ್ದುಷ್ಟವಾಗಿದ್ದರೂ ಅವಯವಿಯು ದುಷ್ಟವಾಯಿತು. ಇಂಥ ದೋಷವನ್ನು ಒಂದೊಂದು ನೆಲೆಯನ್ನೂ ಬೇರೆಬೇರೆಯಾಗಿ ಪರೀಕ್ಷಿಸಿ ಕಂಡುಹಿಡಿಯುವುದು ಸಾಧ್ಯವಿಲ್ಲ. ಎಲ್ಲವನ್ನೂ ಕೂಡಿಸಿ, ಓಲೆಗಳು ಬರಬಹುದಾದ ಕ್ರಮಗಳೆಲ್ಲವನ್ನೂ ಆಡಿಸಿಯೇ ನೋಡಬೇಕು.

ಲೋಕದಲ್ಲಿ ಪರೀಕ್ಷೆಗೆ ಸ್ಥಾಲೀಪುಲಾಕನ್ಯಾಯವೆಂಬುದುಂಟು. ಮಡಕೆಯಲ್ಲಿನ ಒಂದು ಅಗುಳನ್ನು ಹಿಸುಕಿ ನೋಡಿದರೆ ಅನ್ನವೆಲ್ಲ ಬೆಂದಿದೆಯೇ ಎಂಬುದು ತಿಳಿಯುತ್ತದೆ. ಅಗುಳುಗಳೆಲ್ಲ ಒಂದೇ ನೀರಿನಲ್ಲಿ ಒಂದೇ ಬೆಂಕಿಯಿಂದ ಬೇಯುತ್ತವೆಂಬುದೇ ಈ ನ್ಯಾಯಕ್ಕೆ ಆಧಾರ. ಚದುರಿದ ಜಾಲದಲ್ಲಿ ಆ ಆಧಾರವೇ ಇಲ್ಲ. ಹತ್ತು ಓಲೆಗಳು ಏಕಕಾಲದಲ್ಲಿ ದಾರಿಯಲ್ಲಿದ್ದರೆ ಅವು ಬರಬಹುದಾದ ಕ್ರಮಗಳು ೩೬,೨೮,೮೦೦. ಇವುಗಳಲ್ಲಿ ಒಂದು ಕ್ರಮ ಸರಿಯಾಗಿ ನಡೆಯಿತೆಂಬುದರಿಂದ ಮತ್ತೊಂದರ ವಿಷಯವಾಗಿ ಏನನ್ನೂ ಊಹಿಸಲಾಗದು.

೪. ಫಲನಭಾಷೆಯ ಸ್ವರೂಪ

ಕಂಪ್ಯೂಟರಿಗೆ ಆಜ್ಞೆ ಕೊಡುವ ಭಾಷೆಗಳಲ್ಲಿ ಎರಡು ಪ್ರಸ್ಥಾನಗಳುಂಟು. ಒಂದನೆಯದರಲ್ಲಿ, ಇಂಥ ಪೆಟ್ಟಿಗೆಯಲ್ಲಿರುವ ಸಂಖ್ಯೆಯನ್ನು ಅಳಿಸಿ ಬೇರೊಂದನ್ನು ಇಡು, ಆಮೇಲೆ ಇದನ್ನು ಮಾಡು, ಆಮೇಲೆ ಅದನ್ನು ಮಾಡು ಎಂದು ಕೆಲಸಗಳ ಸರಣಿಯನ್ನು ಹೇಳಲಾಗುತ್ತದೆ. ಎರಡನೆಯದರಲ್ಲಿ, ಇಂಥದನ್ನು ಕೊಟ್ಟರೆ ಇಂಥದು ಫಲವೆಂಬ ಸಂಬಂಧಗಳನ್ನು ಮಾತ್ರ ನಿರೂಪಿಸಲಾಗುತ್ತದೆ, ಅಳಿಸುವುದೆಂಬುದೇ ಇಲ್ಲ. ಈ ಸಂಬಂಧಕ್ಕೆ ಫಲನವೆಂದೂ, ಫಲನಗಳಿಂದಲೇ ಕಟ್ಟಿದ ಭಾಷೆಗೆ ಫಲನಭಾಷೆಯೆಂದೂ ಹೆಸರು. ಅಲೊಂಜೋ ಚರ್ಚ್ ಎಂಬ ತರ್ಕಜ್ಞರು ೧೯೩೦ರ ದಶಕದಲ್ಲಿ ರಚಿಸಿದ ಲ್ಯಾಂಬ್ಡಾ ಗಣನವು ಇದಕ್ಕೆ ಮೂಲ. ೧೯೫೮ರಲ್ಲಿ ಜಾನ್ ಮೆಕಾರ್ಥಿಯವರು ಆರಂಭಿಸಿದ ಲಿಸ್ಪ್, ೧೯೮೬ರಲ್ಲಿ ಸ್ವೀಡನ್ನಿನ ಎರಿಕ್ಸನ್ ಸಂಸ್ಥೆಯಲ್ಲಿ ಟೆಲಿಫೋನು ಕೇಂದ್ರಗಳಿಗೆಂದು ಹುಟ್ಟಿದ ಎರ್ಲಾಂಗ್, ೧೯೯೦ರಲ್ಲಿ ವಿದ್ವಾಂಸರ ಸಮಿತಿಯೊಂದು ನಿರೂಪಿಸಿದ ಹ್ಯಾಸ್ಕೆಲ್ ಎಂಬಿವು ಈ ಪರಂಪರೆಯವು.

ಛಂದಶ್ಶಾಸ್ತ್ರವನ್ನು ಓದಿದವರಿಗೆ ಈ ರೀತಿ ಹೊಸದಲ್ಲ. ಒಂದು ಪಾದದಲ್ಲಿ ಇಷ್ಟು ಅಕ್ಷರಗಳಿದ್ದರೆ ಲಘುಗುರುಗಳ ವಿನ್ಯಾಸಗಳು ಎಷ್ಟೆಂಬುದನ್ನು ಕಂಡುಹಿಡಿಯಲು ಪಿಂಗಳನು ಹೇಳಿದ ವಿಧಾನವನ್ನು ಹೀಗೆ ನಿರೂಪಿಸಬಹುದು. ಅಕ್ಷರಸಂಖ್ಯೆ ಸೊನ್ನೆಯಾದರೆ ಫಲ ಒಂದು. ಸಂಖ್ಯೆ ಸಮವಾದರೆ, ಅದರ ಅರ್ಧಕ್ಕೆ ಬರುವ ಫಲದ ವರ್ಗವೇ ಫಲ. ಸಂಖ್ಯೆ ವಿಷಮವಾದರೆ, ಒಂದು ಕಳೆದುದಕ್ಕೆ ಬರುವ ಫಲದ ಇಮ್ಮಡಿಯೇ ಫಲ. ಪಾದಕ್ಕೆ ಆರಕ್ಷರವುಳ್ಳ ಗಾಯತ್ರೀ ಜಾತಿಯನ್ನು ತೆಗೆದುಕೊಂಡರೆ, ಆರರ ಅರ್ಧ ಮೂರು. ಮೂರರಲ್ಲಿ ಒಂದು ಕಳೆದರೆ ಎರಡು. ಎರಡರ ಅರ್ಧ ಒಂದು. ಅದರಲ್ಲಿ ಒಂದು ಕಳೆದರೆ ಸೊನ್ನೆ. ಅಲ್ಲಿಂದ ಹಿಂದಿರುಗಿ ಬಂದರೆ ಒಂದು, ಎರಡು, ನಾಲ್ಕು, ಎಂಟು, ಕಡೆಗೆ ೬೪. ಇಲ್ಲಿ ಯಾವ ಪೆಟ್ಟಿಗೆಯನ್ನೂ ಅಳಿಸಿದ್ದಿಲ್ಲ. ಚಿಕ್ಕದರ ಫಲದಿಂದ ದೊಡ್ಡದರ ಫಲವನ್ನು ಹೇಳಿದ್ದಾಯಿತು. ಫಲನಭಾಷೆಯ ಪ್ರೋಗ್ರಾಮಿನ ಶೈಲಿಯೂ ಇದೇ. ಪಿಂಗಳನು ಗಣಕಯಂತ್ರವನ್ನು ಕಂಡಿದ್ದನೆಂದು ಇದರಿಂದ ಸಾಧಿಸಹೊರಡುವುದು ಉಚಿತವಲ್ಲ. ಚಿಂತನಕ್ರಮದ ಸಾಮ್ಯವಷ್ಟೇ ಇಲ್ಲಿ ಗ್ರಾಹ್ಯ.

ಈ ಶೈಲಿಯಿಂದ ಆಗುವ ಮುಖ್ಯ ಲಾಭವೆಂದರೆ, ಒಂದು ಫಲನಕ್ಕೆ ಅದೇ ವಸ್ತುವನ್ನು ಎಷ್ಟು ಸಲ ಕೊಟ್ಟರೂ ಅದೇ ಫಲ ಬರುವುದು. ಆರಕ್ಷರಕ್ಕೆ ಇಂದು ೬೪ ಬಂದರೆ ನಾಳೆಯೂ ೬೪ ಬರುವುದು. ಈ ನಿಯತಿಯೇ ಅನುಕರಣಕದ ಅಡಿಗಲ್ಲು.

೫. ಅನುಕರಣಕದ ರಚನೆ

ಅನುಕರಣಕವನ್ನು ಕಟ್ಟುವುದಕ್ಕೆ ಮೂರು ಪದಾರ್ಥಗಳು ಸಾಕು.

ಮೊದಲನೆಯದು ನೆಲೆಯ ನಡತೆ. ಇದು ಒಂದು ಫಲನ. ನೆಲೆಯ ಈಗಿನ ಸ್ಥಿತಿಯನ್ನೂ ಅದಕ್ಕೆ ಬಂದ ಓಲೆಯನ್ನೂ ಕೊಟ್ಟರೆ, ಅದರ ಹೊಸ ಸ್ಥಿತಿಯೂ ಅದು ಹೊರಡಿಸುವ ಓಲೆಗಳ ಪಟ್ಟಿಯೂ ಫಲವಾಗಿ ಬರುತ್ತವೆ. ನೆಲೆಯು ತಾನಾಗಿ ಓಲೆಯನ್ನು ರವಾನಿಸುವುದಿಲ್ಲ. ಇಂಥಿಂಥವನ್ನು ಕಳುಹಿಸಬೇಕೆಂದು ತಿಳಿಸುತ್ತದೆ, ಅಷ್ಟೆ. ಪರೀಕ್ಷಿಸಬೇಕಾದ ಗಣನವಿಧಿಯೆಲ್ಲವೂ ಈ ಒಂದು ಫಲನದಲ್ಲಿಯೇ ಅಡಗಿರುತ್ತದೆ.

ಎರಡನೆಯದು ಜಾಲಸ್ಥಿತಿ. ಎಲ್ಲ ನೆಲೆಗಳ ಸ್ಥಿತಿಗಳನ್ನೂ, ಹೊರಟು ಇನ್ನೂ ಮುಟ್ಟದೆ ದಾರಿಯಲ್ಲಿರುವ ಓಲೆಗಳನ್ನೂ ಒಟ್ಟಿಗೆ ಸೇರಿಸಿದರೆ ಅದೇ ಜಾಲಸ್ಥಿತಿ. ದಾರಿಯಲ್ಲಿರುವ ಓಲೆಗಳನ್ನು ಇದರಲ್ಲಿ ಎಣಿಸುವುದು ಅತ್ಯಾವಶ್ಯಕ. ಹಳ್ಳಿಯೂ ಹನೂರೂ ಬರೆದಿಟ್ಟಿರುವುದನ್ನು ಮಾತ್ರ ನೋಡಿ ಬಸ್ಸಿನಲ್ಲಿರುವುದನ್ನು ಬಿಟ್ಟರೆ, ಮೇಲಿನ ರೈತನ ಸಾಲವು ಎಲ್ಲಿ ಹೋಯಿತೆಂಬುದೇ ತಿಳಿಯದು.

ಮೂರನೆಯದು ಹೆಜ್ಜೆ. ಇದೂ ಒಂದು ಫಲನವೇ. ಜಾಲಸ್ಥಿತಿಯನ್ನು ಕೊಟ್ಟರೆ, ದಾರಿಯಲ್ಲಿರುವ ಓಲೆಗಳಲ್ಲಿ ಒಂದನ್ನು ಆರಿಸಿ, ಅದನ್ನು ಸಲ್ಲಬೇಕಾದ ನೆಲೆಯ ನಡತೆಗೆ ಒಪ್ಪಿಸಿ, ಬಂದ ಹೊಸ ಸ್ಥಿತಿಯನ್ನು ಹಳೆಯದರ ಸ್ಥಾನದಲ್ಲಿರಿಸಿಯೂ ಹೊಸ ಓಲೆಗಳನ್ನು ದಾರಿಗೆ ಸೇರಿಸಿಯೂ ಮುಂದಿನ ಜಾಲಸ್ಥಿತಿಯನ್ನು ಕೊಡುತ್ತದೆ. ದಾರಿಯಲ್ಲಿ ಓಲೆಗಳು ಮುಗಿಯುವವರೆಗೂ ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟರೆ ಅದೊಂದು ‘ಓಟ’. ಹಳೆಯ ಜಾಲಸ್ಥಿತಿಯನ್ನು ಅಳಿಸದಿರುವುದರಿಂದ ಓಟದ ಮೊದಲಿನಿಂದ ಕಡೆಯವರೆಗಿನ ಸ್ಥಿತಿಗಳೆಲ್ಲವೂ ತಾಳೆಗರಿಯ ಕಟ್ಟಿನಂತೆ ಸಾಲಾಗಿ ಉಳಿಯುತ್ತವೆ. ಯಾವ ಗರಿಯನ್ನು ಬೇಕಾದರೂ ಹಿಂದಿರುಗಿ ಓದಬಹುದು.

ಇನ್ನು, ಅನೇಕ ಓಲೆಗಳಲ್ಲಿ ಯಾವುದನ್ನು ಆರಿಸಬೇಕೆಂಬ ಪ್ರಶ್ನೆ. ಇದಕ್ಕೆ ಎರಡು ಉಪಾಯಗಳುಂಟು. ಒಂದು, ಯದೃಚ್ಛೆಯಾಗಿ ಆರಿಸುವುದು. ಯದೃಚ್ಛೆಯೆಂದರೆ ನಿಯತಿಗೆ ವಿರುದ್ಧವಲ್ಲವೇ ಎಂದು ಶಂಕಿಸಬಹುದು. ಸಮಾಧಾನವೇನೆಂದರೆ, ಒಂದು ಬೀಜಸಂಖ್ಯೆಯನ್ನು ಕೊಟ್ಟರೆ ನೋಟಕ್ಕೆ ಯದೃಚ್ಛವಾಗಿ ತೋರುವ ಸಂಖ್ಯೆಯೊಂದನ್ನೂ ಹೊಸ ಬೀಜವೊಂದನ್ನೂ ಕೊಡತಕ್ಕ ಫಲನವನ್ನು ಇಟ್ಟುಕೊಳ್ಳುತ್ತಾರೆ. ಬೀಜ ಒಂದೇ ಆದರೆ ಓಟವೂ ಒಂದೇ. ಸಾವಿರಾರು ಓಟಗಳಲ್ಲಿ ಒಂದು ಕೆಟ್ಟಿತೆಂದರೆ, ಅದರ ಬೀಜಸಂಖ್ಯೆಯನ್ನು ಬರೆದಿಟ್ಟುಕೊಂಡು ಅದೇ ದೋಷವನ್ನು ಬೇಕಾದಷ್ಟು ಸಲ ಕಣ್ಣಮುಂದೆ ಆಡಿಸಬಹುದು. ನಿಜವಾದ ಜಾಲದಲ್ಲಿ ಒಮ್ಮೆ ಕಂಡ ದೋಷ ಮತ್ತೆ ಕಾಣುವುದೆಂಬ ನಂಬಿಕೆಯಿಲ್ಲ. ಬಸ್ಸು ಅದೇ ತಿರುವಿನಲ್ಲಿ ಅದೇ ಗಳಿಗೆಯಲ್ಲಿ ಮತ್ತೆ ಕೆಡುವುದಿಲ್ಲವಷ್ಟೆ.

ಎರಡನೆಯ ಉಪಾಯ, ಆರಿಸಬಹುದಾದವುಗಳನ್ನೆಲ್ಲ ಒಂದೊಂದಾಗಿ ಆರಿಸಿ ಕವಲುಕವಲಾದ ಮರವನ್ನು ಬೆಳೆಸುವುದು. ಇದು ಛಂದಸ್ಸಿನ ಪ್ರಸ್ತಾರಕ್ಕೆ ಸಮಾನ. ಲಘುಗುರುಗಳ ವಿನ್ಯಾಸಗಳೆಲ್ಲವನ್ನೂ ಬರೆದಿಡುವುದು ಪ್ರಸ್ತಾರ. ಪ್ರಸ್ತಾರವನ್ನು ಬರೆಯದೆಯೇ ಇಷ್ಟನೆಯ ಸಾಲಿನ ವಿನ್ಯಾಸವನ್ನು ಹೇಳುವುದು ನಷ್ಟ. ವಿನ್ಯಾಸವನ್ನು ಕಂಡು ಅದು ಎಷ್ಟನೆಯದೆಂದು ಹೇಳುವುದು ಉದ್ದಿಷ್ಟ. ಓಟಗಳ ಮರವು ಪ್ರಸ್ತಾರವಾದರೆ, ಬೀಜಸಂಖ್ಯೆಯಿಂದ ಓಟವನ್ನು ಹೊರತರುವುದು ನಷ್ಟದ ಜಾತಿಗೆ ಸೇರುತ್ತದೆ. ಹ್ಯಾಸ್ಕೆಲ್ ಭಾಷೆಯಲ್ಲಿ ಕೇಳಿದಾಗ ಮಾತ್ರ ಗಣಿಸುವ ಸ್ವಭಾವವಿರುವುದರಿಂದ, ಇಡೀ ಮರವನ್ನು ನಿರೂಪಿಸಿಯೂ ಬೇಕಾದ ಕೊಂಬೆಯನ್ನು ಮಾತ್ರ ಬೆಳೆಸಬಹುದು. ಮರವು ಅಪಾರವಾದರೂ ಯಂತ್ರಕ್ಕೆ ಭಾರವಾಗುವುದಿಲ್ಲ.

ಕಾಲವನ್ನೂ ಅನುಕರಿಸಬೇಕಾದಲ್ಲಿ ಒಂದೊಂದು ಓಲೆಗೂ ಅದು ಮುಟ್ಟತಕ್ಕ ವೇಳೆಯನ್ನು ಅಂಟಿಸಿ, ಎಲ್ಲಕ್ಕಿಂತ ಮುಂಚಿನದನ್ನು ಆರಿಸುತ್ತ ಹೋಗುತ್ತಾರೆ. ಘಟನೆಯಿಂದ ಘಟನೆಗೆ ನೆಗೆಯುವ ಈ ಕ್ರಮವು ನಾರ್ವೆ ದೇಶದ ಡಾಲ್ ಮತ್ತು ನ್ಯೂಗಾರ್ಡ್ ಎಂಬವರು ೧೯೬೦ರ ದಶಕದಲ್ಲಿ ರಚಿಸಿದ ಸಿಮ್ಯುಲಾ ಭಾಷೆಯ ಕಾಲದಿಂದ ಪ್ರಸಿದ್ಧವಾಗಿದೆ.

೬. ಮುಖಂಡನ ಆಯ್ಕೆ

ಮೇಲಿನ ರಚನೆಯನ್ನು ಒಂದು ಪ್ರಸಿದ್ಧ ವಿಧಿಗೆ ಅನ್ವಯಿಸಿ ನೋಡಬಹುದು. ಕೊಳ್ಳೇಗಾಲ, ಯಳಂದೂರು, ಬಿಳಿಗಿರಿರಂಗನ ಬೆಟ್ಟ, ಹನೂರು, ಕಾಮಗೆರೆ ಎಂಬ ಐದು ನೆಲೆಗಳು ಬಳೆಯಂತೆ ಕೂಡಿಕೊಂಡಿವೆಯೆಂದೂ, ಪ್ರತಿಯೊಂದೂ ತನ್ನ ಮುಂದಿನದಕ್ಕೆ ಮಾತ್ರ ಓಲೆ ಕಳುಹಿಸಬಲ್ಲದೆಂದೂ, ಕಾಮಗೆರೆಯ ಮುಂದಿನದು ಮತ್ತೆ ಕೊಳ್ಳೇಗಾಲವೆಂದೂ ಇಟ್ಟುಕೊಳ್ಳೋಣ. ಒಂದೊಂದಕ್ಕೂ ಒಂದೊಂದು ಸಂಖ್ಯೆಯುಂಟು. ಇವುಗಳಲ್ಲಿ ಒಂದು ಮಾತ್ರ ಮುಖಂಡನಾಗಬೇಕು. ಅದಕ್ಕಾಗಿ ಚಾಂಗ್ ಮತ್ತು ರಾಬರ್ಟ್ಸ್ ಎಂಬವರು ೧೯೭೯ರಲ್ಲಿ ಹೇಳಿದ ವಿಧಿ ಹೀಗಿದೆ. ಪ್ರತಿಯೊಂದು ನೆಲೆಯೂ ತನ್ನ ಸಂಖ್ಯೆಯನ್ನು ಮುಂದಕ್ಕೆ ಕಳುಹಿಸಲಿ. ಬಂದ ಸಂಖ್ಯೆ ತನ್ನದಕ್ಕಿಂತ ದೊಡ್ಡದಾದರೆ ಮುಂದಕ್ಕೆ ಸಾಗಿಸಲಿ, ಚಿಕ್ಕದಾದರೆ ತಡೆದುಬಿಡಲಿ, ತನ್ನದೇ ಆದರೆ ತಾನೇ ಮುಖಂಡನೆಂದು ತಿಳಿಯಲಿ.

ಸಂಖ್ಯೆಗಳು ಸಾಗುವ ದಿಕ್ಕಿನಲ್ಲಿಯೇ ಕೊಳ್ಳೇಗಾಲಕ್ಕೆ ೧, ಯಳಂದೂರಿಗೆ ೨, ಬೆಟ್ಟಕ್ಕೆ ೩, ಹನೂರಿಗೆ ೪, ಕಾಮಗೆರೆಗೆ ೫ ಎಂದಿದ್ದರೆ, ಮೊದಲ ನಾಲ್ಕು ಓಲೆಗಳು ಒಂದೊಂದು ಹೆಜ್ಜೆಗೇ ನಿಲ್ಲುತ್ತವೆ. ಕಾಮಗೆರೆಯದು ಮಾತ್ರ ಐದು ಹೆಜ್ಜೆ ನಡೆದು ಹಿಂದಿರುಗುತ್ತದೆ. ಒಟ್ಟು ೯ ಸಾಗಣೆಗಳು. ಸಂಖ್ಯೆಗಳು ತಲೆಕೆಳಗಾಗಿ ಕೊಳ್ಳೇಗಾಲಕ್ಕೆ ೫ ಇದ್ದು ಕ್ರಮವಾಗಿ ಇಳಿದು ಕಾಮಗೆರೆಗೆ ೧ ಆದರೆ, ಸಾಗಣೆಗಳು ಐದು, ನಾಲ್ಕು, ಮೂರು, ಎರಡು, ಒಂದು ಸೇರಿ ೧೫ ಆಗುತ್ತವೆ. ಊರುಗಳೂ ವಿಧಿಯೂ ಅವೇ. ಸಂಖ್ಯೆ ಹಂಚಿದ ರೀತಿಯಿಂದಲೇ ಶ್ರಮವು ಹೀಗೆ ಬೇರೆಯಾಗುತ್ತದೆ. ನೆಲೆಗಳು ನೂರಾದರೆ ಈ ಎರಡು ಎಣಿಕೆಗಳು ೧೯೯ ಮತ್ತು ೫,೦೫೦.

ಈ ವಿಧಿಯಲ್ಲಿ ಪರೀಕ್ಷಿಸಬೇಕಾದುವು ಎರಡು. ಯಾವ ಜಾಲಸ್ಥಿತಿಯಲ್ಲಿಯೂ ಇಬ್ಬರು ಮುಖಂಡರಿರಕೂಡದು. ಓಟ ಮುಗಿದಾಗ ಒಬ್ಬನಾದರೂ ಇರಬೇಕು. ಮೊದಲನೆಯದು ಅನಿಷ್ಟವು ಎಂದಿಗೂ ಒದಗದೆಂಬ ಭರವಸೆ. ಎರಡನೆಯದು ಇಷ್ಟವು ಎಂದಾದರೂ ಒದಗುವುದೆಂಬ ಭರವಸೆ. ಇವೆರಡೂ ಬೇರೆಬೇರೆ. ಯಾವ ಓಲೆಯನ್ನೂ ಕಳುಹಿಸದೆ ಸುಮ್ಮನೆ ಕುಳಿತ ಜಾಲದಲ್ಲಿ ಮೊದಲನೆಯದು ಪೂರ್ತಿಯಾಗಿ ಇರುತ್ತದೆ, ಎರಡನೆಯದು ಇರುವುದೇ ಇಲ್ಲ. ಓಲೆಗಳು ಕಳೆಯದೆ, ಸಂಖ್ಯೆಗಳು ಬೇರೆಬೇರೆಯಾಗಿ ಇದ್ದಾಗ, ಯಾವ ಕ್ರಮದಲ್ಲಿ ಆಡಿಸಿದರೂ ಎರಡೂ ನಿಲ್ಲುತ್ತವೆ. ಈಗ ಎರಡು ನೆಲೆಗಳಿಗೆ ತಪ್ಪಾಗಿ ಒಂದೇ ಅತ್ಯಧಿಕ ಸಂಖ್ಯೆಯನ್ನು ಕೊಟ್ಟು ನೋಡಿದರೆ, ಒಂದರ ಓಲೆಯನ್ನು ಮತ್ತೊಂದು ತನ್ನದೇ ಎಂದು ಭ್ರಮಿಸಿ, ಇಬ್ಬರು ಮುಖಂಡರು ಹುಟ್ಟುತ್ತಾರೆ. ಅತ್ಯಧಿಕ ಸಂಖ್ಯೆಯ ಓಲೆಯನ್ನು ದಾರಿಯಲ್ಲಿ ಕಳೆದರೆ ಮುಖಂಡನೇ ಹುಟ್ಟುವುದಿಲ್ಲ. ಓಲೆಯನ್ನು ಕಳೆಯುವುದು, ಇಮ್ಮಡಿಸುವುದು ಎಂಬಿವನ್ನೂ ಹೆಜ್ಜೆಯ ಪ್ರಕಾರಗಳೆಂದು ಅನುಕರಣಕಕ್ಕೆ ಸೇರಿಸಿದರೆ ಇವೆಲ್ಲವೂ ತಾವಾಗಿಯೇ ಹೊರಬೀಳುತ್ತವೆ. ೨೦೦೦ದಲ್ಲಿ ಕ್ಲಾಸೆನ್ ಮತ್ತು ಹ್ಯೂಸ್ ಎಂಬವರು ಹ್ಯಾಸ್ಕೆಲ್ ಭಾಷೆಗೆಂದು ಪ್ರಕಟಿಸಿದ ಕ್ವಿಕ್‌ಚೆಕ್ ಎಂಬ ಸಾಧನವು ಇಂಥ ಲಕ್ಷಣವಾಕ್ಯಗಳನ್ನು ಯದೃಚ್ಛೆಯಾದ ಉದಾಹರಣೆಗಳಿಂದ ಪರೀಕ್ಷಿಸುತ್ತದೆ. ಅಂಥ ಸಾಧನವು ಪ್ರತ್ಯುದಾಹರಣೆ ಸಿಕ್ಕಿದಾಗ ಅದನ್ನು ಕಿರಿದುಗೊಳಿಸುತ್ತ ಹೋಗುತ್ತದೆ. ನೂರು ನೆಲೆಗಳಲ್ಲಿ ಕಂಡ ದೋಷವನ್ನು ಎರಡು ಮೂರು ನೆಲೆಗಳಲ್ಲಿಯೇ ತೋರಿಸಿಕೊಡಬಲ್ಲದು.

೭. ಪೌರ್ವಾಪರ್ಯದ ವಿಚಾರ

ಮತ್ತೆ ರೈತನ ಪಹಣಿಗೆ ಬರಬೇಕು. ‘ಸಾಲವಿದೆ’, ‘ಸಾಲ ತೀರಿತು’ ಎಂಬ ಎರಡು ಓಲೆಗಳೂ ಎರಡೆರಡು ಸಲ ಬಂದರೆ ಅವುಗಳ ಕ್ರಮಗಳು ಆರು. ಬಂದಂತೆ ನಡೆಸುವ ಹಳೆಯ ನಡತೆಯನ್ನು ಅನುಕರಣಕದಲ್ಲಿ ಆಡಿಸಿದರೆ, ಕಡೆಯದಾಗಿ ‘ಸಾಲವಿದೆ’ ಎಂಬುದು ಬರುವ ಮೂರು ಕ್ರಮಗಳಲ್ಲಿ ಪಹಣಿಯು ಕೆಡುತ್ತದೆ. ಮಿಕ್ಕ ಮೂರರಲ್ಲಿ ಸರಿಯಾಗಿರುತ್ತದೆ. ಆ ಮೂರರಲ್ಲೊಂದನ್ನು ಮಾತ್ರ ನೋಡಿದ ಪರೀಕ್ಷಕನು ತೃಪ್ತನಾಗಿ ಮನೆಗೆ ಹೋಗುತ್ತಿದ್ದನು.

ಇದಕ್ಕೆ ಪರಿಹಾರವೇನೆಂದರೆ, ಕಳುಹಿಸುವ ನೆಲೆಯು ತನ್ನ ಓಲೆಗಳಿಗೆ ೧, ೨ ಎಂದು ಕ್ರಮಸಂಖ್ಯೆ ಹಾಕುವುದು. ಹನೂರಿನ ನೆಲೆಯು ತಾನು ನಿರೀಕ್ಷಿಸುವ ಸಂಖ್ಯೆಯ ಓಲೆ ಬರುವವರೆಗೆ ಮುಂದಿನದನ್ನು ಕಾದಿರಿಸುವುದು. ಆಗಲೇ ನಡೆಸಿದ ಸಂಖ್ಯೆ ಮತ್ತೆ ಬಂದರೆ ಬಿಟ್ಟುಬಿಡುವುದು. ಹೊಸ ನಡತೆಯನ್ನು ಹಳೆಯದರ ಜಾಗದಲ್ಲಿಟ್ಟು ಆಡಿಸಿದರೆ ಆರು ಕ್ರಮಗಳಲ್ಲಿಯೂ ಋಣದ ಕಲಮು ತೆರವಾಗಿಯೇ ಕೊನೆಗೊಳ್ಳುತ್ತದೆ. ಇಲ್ಲಿ ಮಾರ್ಪಟ್ಟದ್ದು ಒಂದೇ ಫಲನ. ಜಾಲಸ್ಥಿತಿ, ಹೆಜ್ಜೆ, ಓಟ ಎಂಬಿವು ಮೊದಲಿದ್ದಂತೆಯೇ ಇವೆ. ಆದರೆ ಮೊದಲನೆಯ ಓಲೆ ಕಳೆದೇಹೋದರೆ ಎರಡನೆಯದು ಎಂದೆಂದಿಗೂ ಕಾಯುತ್ತ ಕೂರುವುದು. ಆದಕಾರಣ, ಮುಟ್ಟಿತೆಂಬ ಉತ್ತರ ಬರುವವರೆಗೆ ಕಳುಹಿಸಿದ ಓಲೆಯನ್ನೇ ಮತ್ತೆಮತ್ತೆ ಕಳುಹಿಸಬೇಕೆಂಬ ನಿಯಮವನ್ನೂ ಸೇರಿಸಬೇಕಾಗುತ್ತದೆ. ಒಂದೇ ಓಲೆ ಎರಡು ಸಲ ಬರುವುದು ಈ ನಿಯಮದಿಂದಲೇ ಹೆಚ್ಚುವುದಾದರೂ, ಅದಕ್ಕೆ ಪ್ರತೀಕಾರವನ್ನು ಮೊದಲೇ ಮಾಡಿಟ್ಟಿದ್ದಾಗಿದೆ.

ಕಳುಹಿಸುವವರು ಇಬ್ಬರಾದರೆ ಈ ಉಪಾಯವೂ ಸಾಲದು. ಸಾಲವನ್ನು ಕೊಳ್ಳೇಗಾಲದ ನೆಲೆ ತಿಳಿಸಿ, ತೀರುವಳಿಯನ್ನು ಯಳಂದೂರಿನ ನೆಲೆ ತಿಳಿಸಿದರೆ ಯಾರ ಕ್ರಮಸಂಖ್ಯೆಯನ್ನು ಯಾರದರೊಡನೆ ಹೋಲಿಸಬೇಕು? ಗಡಿಯಾರಗಳನ್ನು ನೋಡೋಣವೆಂದರೆ ಎರಡು ಊರಿನ ಗಡಿಯಾರಗಳು ಎಂದೂ ಸರಿಸಮವಾಗಿರುವುದಿಲ್ಲ. ಲೆಸ್ಲಿ ಲ್ಯಾಂಪೋರ್ಟ್ ಎಂಬವರು ೧೯೭೮ರಲ್ಲಿ ಇದಕ್ಕೊಂದು ಮಾರ್ಗವನ್ನು ತೋರಿಸಿದರು. ಪ್ರತಿಯೊಂದು ನೆಲೆಯೂ ಒಂದು ಎಣಿಕೆಯನ್ನು ಇಟ್ಟುಕೊಂಡು, ಒಂದೊಂದು ಘಟನೆಗೂ ಅದನ್ನು ಒಂದರಂತೆ ಹೆಚ್ಚಿಸಲಿ. ಓಲೆಯ ಮೇಲೆ ಆ ಎಣಿಕೆಯನ್ನು ಬರೆದು ಕಳುಹಿಸಲಿ. ಓಲೆ ಬಂದಾಗ ತನ್ನ ಎಣಿಕೆ ಮತ್ತು ಓಲೆಯ ಎಣಿಕೆಗಳಲ್ಲಿ ದೊಡ್ಡದನ್ನು ತೆಗೆದುಕೊಂಡು ಒಂದು ಕೂಡಿಸಲಿ. ಹೀಗಾದರೆ, ಒಂದು ಘಟನೆಯು ಮತ್ತೊಂದಕ್ಕೆ ಕಾರಣವಾಗಬಲ್ಲುದಾದರೆ ಮೊದಲನೆಯದರ ಎಣಿಕೆ ಚಿಕ್ಕದಾಗಿಯೇ ಇರುವುದು.

ಇಲ್ಲಿ ತಾರ್ಕಿಕರು ಎಚ್ಚರವಾಗಿರಬೇಕು. ಹೊಗೆಯಿದ್ದಲ್ಲಿ ಬೆಂಕಿಯುಂಟೆಂಬುದು ವ್ಯಾಪ್ತಿ. ಬೆಂಕಿಯಿದ್ದಲ್ಲೆಲ್ಲ ಹೊಗೆಯುಂಟೆಂಬುದು ವ್ಯಾಪ್ತಿಯಲ್ಲ, ಕಾದ ಕಬ್ಬಿಣದ ಉಂಡೆಯಲ್ಲಿ ಅದು ಕೆಡುತ್ತದೆ. ಹಾಗೆಯೇ, ಕಾರಣವಾದುದರ ಎಣಿಕೆ ಚಿಕ್ಕದು ಎಂಬುದು ಸತ್ಯ. ಎಣಿಕೆ ಚಿಕ್ಕದಾದುದೆಲ್ಲ ಕಾರಣವೆಂಬುದು ಸತ್ಯವಲ್ಲ. ಒಂದನ್ನೊಂದು ಅರಿಯದೆ ನಡೆದ ಎರಡು ಘಟನೆಗಳಿಗೂ ಹೆಚ್ಚುಕಡಮೆ ಎಣಿಕೆಗಳು ಬೀಳಬಹುದು. ಅನುಕರಣಕದಲ್ಲಿ ಓಟದ ಗರಿಗಳನ್ನು ತಿರುವಿ ನೋಡುವವರಿಗೆ ಈ ಭೇದವು ಉದಾಹರಣೆಸಹಿತವಾಗಿ ಗೋಚರಿಸುತ್ತದೆ.

೮. ಅನುಕರಣದ ಮೇರೆ

ಅನುಕರಣಕಕ್ಕೆ ಅದರದೇ ಆದ ಪರಿಮಿತಿಗಳುಂಟು. ಒಂದನೆಯದಾಗಿ, ದೋಷವಿದೆಯೆಂಬುದನ್ನು ಅದು ತೋರಿಸಬಲ್ಲದು. ದೋಷವೇ ಇಲ್ಲವೆಂಬುದನ್ನು, ಕ್ರಮಗಳೆಲ್ಲವನ್ನೂ ಮುಗಿಸಿದ ಹೊರತು, ತೋರಿಸಲಾರದು. ಮುಗಿಸಿದರೂ ಅದು ಅಷ್ಟು ನೆಲೆಗಳ ಜಾಲಕ್ಕೆ ಮಾತ್ರ ಸಲ್ಲುವ ಮಾತು. ಎಷ್ಟು ನೆಲೆಗಳಿಗಾದರೂ ಸಲ್ಲುವ ನಿಶ್ಚಯ ಬೇಕಾದರೆ ಅದಕ್ಕೆ ಉಪಪತ್ತಿಯೇ ಶರಣು.

ಎರಡನೆಯದಾಗಿ, ಕೆಲವು ಸಮಸ್ಯೆಗಳಿಗೆ ವಿಧಿಯೇ ಇಲ್ಲ. ಓಲೆಗಳು ಎಷ್ಟು ತಡವಾಗುವುವೆಂಬ ಮಿತಿಯಿಲ್ಲದ ಜಾಲದಲ್ಲಿ, ಒಂದೇ ಒಂದು ನೆಲೆ ನಿಂತುಹೋಗುವ ಸಂಭವವಿದ್ದರೂ ಸಾಕು, ಎಲ್ಲರೂ ತಪ್ಪದೆ ಒಂದೇ ನಿರ್ಣಯಕ್ಕೆ ಬರುವಂತೆ ಮಾಡತಕ್ಕ ನಿಯತವಿಧಿ ಇರಲಾರದೆಂದು ಫಿಷರ್, ಲಿಂಚ್, ಪ್ಯಾಟರ್ಸನ್ ಎಂಬ ಮೂವರು ೧೯೮೫ರಲ್ಲಿ ಸಾಧಿಸಿದರು. ಬಸ್ಸು ಕೆಟ್ಟಿದೆಯೋ ತಡವಾಗಿದೆಯೋ ಎಂಬುದನ್ನು ನಿಲ್ದಾಣದಲ್ಲಿ ಕುಳಿತವನು ಅರಿಯಲಾರನಲ್ಲವೇ? ಇದರ ಮೂಲವೂ ಅದೇ. ಸಾವಿರ ಓಟಗಳನ್ನು ಆಡಿಸಿದರೂ ಈ ಅಸಾಧ್ಯತೆಯನ್ನು ಅನುಕರಣಕವು ತಾನಾಗಿ ಹೇಳಲಾರದು.

ಮೂರನೆಯದಾಗಿ, ಅನುಕರಣಕದ ಮುಂದೆ ಕುಳಿತವನಿಗೆ ಜಾಲಸ್ಥಿತಿಯೆಲ್ಲವೂ ಅಂಗೈ ನೆಲ್ಲಿಯಾಗಿರುತ್ತದೆ; ಜಾಲದೊಳಗಿನ ನೆಲೆಗೆ ಆ ಭಾಗ್ಯವಿಲ್ಲ. ನೆಲೆಗಳೇ ಕೂಡಿ ಇಡೀ ಜಾಲದ ಸುಸಂಗತವಾದ ಚಿತ್ರವೊಂದನ್ನು, ಕೆಲಸವನ್ನು ನಿಲ್ಲಿಸದೆ, ಹೇಗೆ ತೆಗೆದುಕೊಳ್ಳಬಹುದೆಂಬುದನ್ನು ಮದರಾಸಿನ ಐ.ಐ.ಟಿ.ಯಲ್ಲಿ ಓದಿದ ಕೆ. ಮಣಿ ಚಾಂಡಿಯವರು ಲ್ಯಾಂಪೋರ್ಟರೊಡನೆ ಕೂಡಿ ೧೯೮೫ರಲ್ಲಿ ನಿರೂಪಿಸಿದರು. ಹೊರಗಿನವನಿಗೆ ಸುಲಭವಾಗಿ ಕಾಣುವುದನ್ನು ಒಳಗಿನವನು ನೋಡಲು ಎಷ್ಟು ಶ್ರಮಪಡಬೇಕೆಂಬುದಕ್ಕೆ ಆ ವಿಧಿಯೇ ನಿದರ್ಶನ. ಅನುಕರಣಕವನ್ನು ರಚಿಸುವವರು, ನೆಲೆಯ ನಡತೆಗೆ ಅದರ ಸ್ವಂತ ಸ್ಥಿತಿಯನ್ನೂ ಬಂದ ಓಲೆಯನ್ನೂ ಬಿಟ್ಟು ಬೇರೇನನ್ನೂ ಕೊಡದಂತೆ ಜಾಗರೂಕರಾಗಿರಬೇಕು. ಕೊಟ್ಟರೆ ಪರೀಕ್ಷೆಯೇ ಸುಳ್ಳಾಗುತ್ತದೆ. ಫಲನಭಾಷೆಯ ಗುಣವು ಇಲ್ಲಿ ಮತ್ತೊಮ್ಮೆ ಉಪಕಾರಕ್ಕೆ ಬರುತ್ತದೆ. ಫಲನಕ್ಕೆ ಕೈಯಲ್ಲಿ ಕೊಟ್ಟದ್ದಲ್ಲದೆ ಬೇರೊಂದು ಕಾಣುವುದಿಲ್ಲವಾದ್ದರಿಂದ, ಕದ್ದು ನೋಡುವುದಕ್ಕೆ ಅಲ್ಲಿ ಎಡೆಯೇ ಇಲ್ಲ.

೯. ಉಪಸಂಹಾರ

ಇದುವರೆಗೆ ಹೇಳಿದುದರ ಸಾರಾಂಶವಿಷ್ಟು: ಚದುರಿದ ಜಾಲದ ದೋಷವು ನೆಲೆಗಳಲ್ಲಿರದೆ ಅವುಗಳ ನಡುವಣ ಕ್ರಮದಲ್ಲಿರುತ್ತದೆ. ಆ ಕ್ರಮವನ್ನು ಕೈಗೆ ತೆಗೆದುಕೊಂಡು ಬೇಕಾದಂತೆ ಬದಲಾಯಿಸಿ, ಬೇಕಾದಷ್ಟು ಸಲ ಪುನಃ ಆಡಿಸುವ ಸಾಧನವೇ ಅನುಕರಣಕ. ನೆಲೆಯ ನಡತೆಯನ್ನು ಶುದ್ಧ ಫಲನವಾಗಿ ನಿರೂಪಿಸುವ ಭಾಷೆಯಲ್ಲಿ ಅದು ಸಹಜವಾಗಿ ಮೈಗೂಡುತ್ತದೆ.

ಇದು ಯಂತ್ರಶಿಲ್ಪಿಗಳ ವಿಷಯವೆಂದು ಸಾಹಿತ್ಯದ ಅಧ್ಯಾಪಕರು ಉದಾಸೀನರಾಗಬೇಕಾದುದಿಲ್ಲ. ಪ್ರಸ್ತಾರವನ್ನೂ ನಷ್ಟೋದ್ದಿಷ್ಟಗಳನ್ನೂ ವ್ಯಾಪ್ತಿಯನ್ನೂ ಪಾಠ ಹೇಳುವವರಿಗೆ ಈ ಶಾಸ್ತ್ರದ ಅರ್ಧ ದಾರಿ ನಡೆದಂತೆಯೇ ಆಗಿದೆ. ಮಿಕ್ಕ ಅರ್ಧವನ್ನು ಕನ್ನಡದಲ್ಲಿ ಹೇಳುವುದಕ್ಕೆ ಬೇಕಾದ ಮಾತುಗಳನ್ನು ಸಿದ್ಧಪಡಿಸುವ ಭಾರ ಭಾಷೆಯನ್ನು ಬಲ್ಲವರ ಮೇಲೆಯೇ ಇದೆ. ಪಹಣಿಯ ಹಿಂದೆ ಇಂಥ ಜಾಲಗಳು ದುಡಿಯುತ್ತಿರುವಾಗ, ಅದರಲ್ಲಿ ತೀರಿದ ಸಾಲವೊಂದು ತೀರದೆ ಉಳಿಯಿತೇಕೆಂದು ಹನೂರಿನ ರೈತನು ಕೇಳಿದರೆ, ಅವನಿಗೆ ತಿಳಿಯುವ ಮಾತಿನಲ್ಲಿ ಕಾರಣವನ್ನು ಹೇಳತಕ್ಕವರು ಆ ಊರಿನಲ್ಲಿಯೇ ಇರಬೇಕು.